ಬೆಟ್ಟದ ದಾರಿಯ ಹವ್ಯಾಸಿ ಸವಾರರು

ಮೋಟಾರ್ ಸೈಕಲ್ ಪಂದ್ಯಗಳನ್ನು ಕುರಿತ ನಮ್ಮ ಮಾತುಕತೆ ಪ್ರಸಾರವಾದ ಮೇಲೆ ಬಂದ ಪತ್ರಗಳಲ್ಲಿ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಕಾಣಿಸಿದವು. ಒಂದು, ಹೆಚ್ಚಾಗಿ ಕಾಲೇಜು ಹುಡುಗರದು: "ಗೆಲ್ಲುವುದು ಗಾಡಿಯೋ, ಸವಾರನೋ?" ಇನ್ನೊಂದು ಪ್ರೌಢಶಾಲೆಯ ವಿದ್ಯಾರ್ಥಿನಿಯೊಬ್ಬಳದು: "ಸಂಬಳವಿಲ್ಲ, ಹೇಳಿಕೊಳ್ಳುವಂಥ ಬಹುಮಾನವಿಲ್ಲ, ಪ್ರಾಣಕ್ಕೆ ಅಪಾಯ ಬೇರೆ. ಅಂಥ ಕಡೆಗೆ ಜನ ಯಾಕೆ ಹೋಗುತ್ತಾರೆ ಸರ್?" ಮೊದಲ ಪ್ರಶ್ನೆಗೆ ಲೆಕ್ಕ ಹಾಕಿ ಉತ್ತರ ಹೇಳಬಹುದು. ಎರಡನೆಯದು ಸ್ಟುಡಿಯೋದ ಅರ್ಧ ಗಂಟೆಯಲ್ಲಿ ಮುಗಿಯಲಿಲ್ಲ. ಅಲ್ಲಿ ಬಿಟ್ಟುಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವಿನ ಸಮುದ್ರದಲ್ಲಿ ಐಲ್ ಆಫ್ ಮ್ಯಾನ್ ಎಂಬ ಪುಟ್ಟ ದ್ವೀಪವಿದೆ. ವಿಸ್ತೀರ್ಣ ಸುಮಾರು 572 ಚದರ ಕಿಲೋಮೀಟರ್. ಜನಸಂಖ್ಯೆ ಒಂದು ಲಕ್ಷವನ್ನೂ ಮುಟ್ಟುವುದಿಲ್ಲ. ಬ್ರಿಟನ್ನಿನ ರಾಜಮನೆತನಕ್ಕೆ ಸೇರಿದ್ದರೂ ಅದಕ್ಕೆ ತನ್ನದೇ ಸಂಸತ್ತು, ತನ್ನದೇ ಕಾನೂನು. ಮೋಟಾರ್ ಪಂದ್ಯಗಳು ಅಲ್ಲಿಗೆ ಹೋಗಿ ನೆಲೆಸಿದ್ದಕ್ಕೆ ಈ ಕಾನೂನೇ ಕಾರಣ. 1903ರ ಬ್ರಿಟಿಷ್ ಕಾಯಿದೆಯ ಪ್ರಕಾರ ರಸ್ತೆಯ ಮೇಲೆ ಗಂಟೆಗೆ 20 ಮೈಲಿ, ಅಂದರೆ 32 ಕಿಲೋಮೀಟರ್, ಮೀರಿ ಓಡಿಸುವಂತಿರಲಿಲ್ಲ. ಸಾರ್ವಜನಿಕ ರಸ್ತೆಯನ್ನು ಮುಚ್ಚಿ ಪಂದ್ಯ ನಡೆಸಲು ಅಲ್ಲಿನ ಸಂಸತ್ತು ಒಪ್ಪಲಿಲ್ಲ. ಈ ದ್ವೀಪದ ಸಂಸತ್ತು 1904ರಲ್ಲಿ ಬೇರೆಯೇ ಕಾನೂನು ಮಾಡಿ ಅದಕ್ಕೆ ಒಪ್ಪಿತು. ಮೊದಲು ಕಾರುಗಳು ಬಂದವು. 1907ರಲ್ಲಿ ಮೋಟಾರ್ ಸೈಕಲ್ಲುಗಳ 'ಟೂರಿಸ್ಟ್ ಟ್ರೋಫಿ' ಶುರುವಾಯಿತು; ಟಿ.ಟಿ. ಎಂದು ಹೆಸರಾದದ್ದು ಅದೇ. 1911ರಲ್ಲಿ ಪಂದ್ಯ ಬೆಟ್ಟದ ದಾರಿಗೆ ಏರಿತು. ಆ ವರ್ಷದ ದೊಡ್ಡ ಪಂದ್ಯದಲ್ಲಿ ಮೊದಲ ಮೂರೂ ಸ್ಥಾನ ಗೆದ್ದ ಗಾಡಿಯ ಹೆಸರು 'ಇಂಡಿಯನ್'. ಹೆಮ್ಮೆಪಡಲು ಹೊರಡಬೇಡಿ, ಅದು ಅಮೆರಿಕದ ಕಂಪನಿ.

ಟಿ.ಟಿ. ಬೇಗನೆ ಕಂಪನಿಗಳ ಕಣವಾಯಿತು. ಸಂಬಳಕ್ಕೆ ಸವಾರಿ ಮಾಡುವವರು, ಕಾರ್ಖಾನೆಯಿಂದ ನೇರವಾಗಿ ಬಂದ ವಿಶೇಷ ಯಂತ್ರಗಳು. ಹಾಗಾದರೆ ವಾರವೆಲ್ಲ ಬೇರೆ ಕೆಲಸ ಮಾಡಿ, ಸ್ವಂತ ದುಡ್ಡಿನ ಗಾಡಿ ಓಡಿಸುವವನಿಗೆ ಜಾಗವೆಲ್ಲಿ? ಅವನಿಗಾಗಿ 1923ರಲ್ಲಿ ಅದೇ ರಸ್ತೆಯಲ್ಲಿ ಹವ್ಯಾಸಿಗಳ ಪಂದ್ಯ ಏರ್ಪಟ್ಟಿತು. ಮೊದಲ ವರ್ಷ ಗೆದ್ದವನು ಲೆನ್ ರ‍್ಯಾಂಡಲ್ಸ್. ಅವನ ಸರಾಸರಿ ವೇಗ ಗಂಟೆಗೆ ಸುಮಾರು 85 ಕಿಲೋಮೀಟರ್. ಆದರೆ 'ಹವ್ಯಾಸಿ' ಎಂದರೆ ಯಾರು ಎಂಬ ತಕರಾರು ಬಗೆಹರಿಯಲಿಲ್ಲ. ಕಂಪನಿಯವರು ಸ್ನೇಹಕ್ಕೆಂದು ಒಂದು ಬಿಡಿಭಾಗ ಕೊಟ್ಟರೆ? ಗಾಡಿ ರಿಪೇರಿಯೇ ಹೊಟ್ಟೆಪಾಡಾಗಿದ್ದರೆ? ಕೊನೆಗೆ 1930ರಲ್ಲಿ ನಿಯಮ ಸಡಿಲಿಸಿ, ಹೆಸರಿನಿಂದ ಆ ಪದವನ್ನೇ ತೆಗೆದು 'ಮ್ಯಾಂಕ್ಸ್ ಗ್ರ್ಯಾನ್ ಪ್ರಿ' ಎಂದು ಕರೆದರು. ಪದ ಹೋಯಿತು, ಜನ ಹೋಗಲಿಲ್ಲ. ಯುದ್ಧ, ಸಾಂಕ್ರಾಮಿಕಗಳಂಥ ಅಡ್ಡಿಗಳ ವರ್ಷ ಬಿಟ್ಟರೆ, ಬೇಸಿಗೆಯ ಕೊನೆಗೆ ಅವರು ಅಲ್ಲಿಗೆ ಬರುತ್ತಲೇ ಇದ್ದಾರೆ. ಕೆಲವರಿಗೆ ಇದು ಮೆಟ್ಟಿಲೂ ಹೌದು. 1949ರಲ್ಲಿ ಇಲ್ಲಿ ಗೆದ್ದ ಜೆಫ್ ಡ್ಯೂಕ್, 1960ರಲ್ಲಿ ಗೆದ್ದ ಫಿಲ್ ರೀಡ್ ಮುಂದೆ ವಿಶ್ವ ಚಾಂಪಿಯನ್ನರಾದರು. ಬಹುಪಾಲು ಜನ ಮಾತ್ರ ಪಂದ್ಯ ಮುಗಿಸಿ ಸೋಮವಾರ ಕೆಲಸಕ್ಕೆ ಹಾಜರಾಗುವವರು.

ಈಗ ರಸ್ತೆಗೆ ಬನ್ನಿ. ಒಂದು ಸುತ್ತು 60.7 ಕಿಲೋಮೀಟರ್. ಬೆಂಗಳೂರಿನಿಂದ ತುಮಕೂರಿಗೆ ಹೊರಟವರಿಗೆ ಊರು ಇನ್ನೇನು ಬಂತು ಅನ್ನಿಸುವಷ್ಟು ದೂರ. ತಿರುವುಗಳು 200ಕ್ಕೂ ಹೆಚ್ಚು. ಡಗ್ಲಾಸ್ ಪಟ್ಟಣದಿಂದ ಹೊರಟ ಕೂಡಲೇ ಮನೆಗಳ ಸಾಲಿನ ನಡುವೆ ಬ್ರೇ ಹಿಲ್ ಎಂಬ ಕಡಿದಾದ ಇಳಿಜಾರು. ಮುಂದೆ ಹಳ್ಳಿಗಳು, ಮರಗಳ ಕತ್ತಲು, ಕಲ್ಲುಗೋಡೆಗಳು. ಬಲಾಫ್ ಎಂಬಲ್ಲಿ ಗೂನುಬೆನ್ನಿನ ಸೇತುವೆ. ರಾಮ್ಸಿ ಪಟ್ಟಣ ದಾಟಿದರೆ ಸ್ನೇಫೆಲ್ ಬೆಟ್ಟದ ಏರು. ಸಮುದ್ರದ ಅಂಚಿನಿಂದ ರಸ್ತೆ 400 ಮೀಟರಿಗೂ ಮೇಲಕ್ಕೆ ಹೋಗುತ್ತದೆ. ಅಲ್ಲೊಂದು ಕಡೆ ಬೆಟ್ಟದ ರೈಲಿನ ಹಳಿಗಳು ರಸ್ತೆಯನ್ನೇ ಅಡ್ಡ ಹಾಯುತ್ತವೆ. ಆಮೇಲೆ ಇಳಿದು ಇಳಿದು ಮತ್ತೆ ಡಗ್ಲಾಸ್. ಪಂದ್ಯಕ್ಕೆಂದೇ ಕಟ್ಟಿದ ಹಾದಿಯಲ್ಲಿ ಜಾರಿ ಬಿದ್ದವನಿಗೆ ಉರುಳಲು ಬಯಲಾದರೂ ಇರುತ್ತದೆ. ಇಲ್ಲಿ ಇರುವುದು ಯಾರದೋ ಮನೆಯ ಕಾಂಪೌಂಡು, ದೀಪದ ಕಂಬ, ಹಳೆಯ ಮರ.

ಎಲ್ಲರೂ ಒಟ್ಟಿಗೆ ಹೊರಡುವ ಪಂದ್ಯವೂ ಇದಲ್ಲ. ಹತ್ತು ಹತ್ತು ಸೆಕೆಂಡಿನ ಅಂತರದಲ್ಲಿ ಸವಾರರನ್ನು ಬಿಡುತ್ತಾರೆ. ಒಟ್ಟು ಕಾಲ ಯಾರದು ಕಡಿಮೆಯೋ ಅವನೇ ವಿಜೇತ. ಎಷ್ಟೋ ಹೊತ್ತು ಸವಾರ ಒಂಟಿ. ತಾನು ಮೊದಲನೆಯವನೋ ಇಪ್ಪತ್ತನೆಯವನೋ ಅವನಿಗೆ ಗೊತ್ತಿರುವುದಿಲ್ಲ. ರಸ್ತೆಬದಿಯಲ್ಲಿ ನಿಂತ ಗೆಳೆಯ ಹಲಗೆಯ ಮೇಲೆ ಅಂಕಿ ಬರೆದು ಹಿಡಿದರೆ ಅದೇ ಸುದ್ದಿ. ದಶಕಗಳ ಕಾಲ ಪ್ರೇಕ್ಷಕರ ಎದುರಿನ ದೊಡ್ಡ ಫಲಕದಲ್ಲಿ ಕಾಲವನ್ನು ಬರೆಯುತ್ತಿದ್ದವರು ಸ್ಕೌಟ್ ಹುಡುಗರು, ನಿಮ್ಮ ವಯಸ್ಸಿನವರೇ.

ಇನ್ನು ಲೆಕ್ಕ. ಒಂದು ಕಿಲೋಮೀಟರ್ ನಿಧಾನದ ದಾರಿಯನ್ನು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ದಾಟಲು 90 ಸೆಕೆಂಡು ಬೇಕು. ವೇಗ 50 ಆದರೆ 72 ಸೆಕೆಂಡು. ಉಳಿತಾಯ 18 ಸೆಕೆಂಡು. ಈಗ ಒಂದು ಕಿಲೋಮೀಟರ್ ನೇರ ದಾರಿ. ವೇಗ 200 ಇದ್ದರೆ 18 ಸೆಕೆಂಡು. ಅದನ್ನು 220ಕ್ಕೆ ಏರಿಸಿದರೆ 16.4 ಸೆಕೆಂಡು. ಉಳಿದದ್ದು ಒಂದೂವರೆ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ! ನೇರ ದಾರಿಯಲ್ಲಿ ಆ 20 ಕಿಲೋಮೀಟರ್ ಗಳಿಸಲು ಬಲವಾದ ಎಂಜಿನ್ ಬೇಕು, ಅಂದರೆ ಹಣ ಬೇಕು. ತಿರುವಿನಲ್ಲಿ 10 ಕಿಲೋಮೀಟರ್ ಗಳಿಸಲು ಬೇಕಾದದ್ದು ಆ ತಿರುವಿನ ಪರಿಚಯ. ಅಲ್ಲದೆ ತಿರುವಿನಿಂದ ಹೊರಬರುವಾಗಿನ ವೇಗ ಮುಂದಿನ ನೇರ ದಾರಿಯ ಉದ್ದಕ್ಕೂ ಜೊತೆಗೆ ಬರುತ್ತದೆ. ಗಾಡಿಯೋ ಸವಾರನೋ ಎಂದು ಕೇಳಿದವರಿಗೆ ನನ್ನ ಉತ್ತರ: ಇಂಥ ರಸ್ತೆಯಲ್ಲಿ ಸವಾರನ ನೆನಪು.

ತಿರುವಿನಲ್ಲಿ ಸವಾರ ವಾಲುವುದು ಯಾಕೆಂದು ನಿಮ್ಮ ಭೌತಶಾಸ್ತ್ರದ ಪುಸ್ತಕದಲ್ಲೇ ಇದೆ. ವಾಲುವ ಕೋನದ ಟ್ಯಾಂಜೆಂಟ್ ಎಂದರೆ ವೇಗದ ವರ್ಗವನ್ನು ತಿರುವಿನ ತ್ರಿಜ್ಯ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದಿಂದ ಭಾಗಿಸಿದಾಗ ಬರುವ ಸಂಖ್ಯೆ. ತ್ರಿಜ್ಯ 92 ಮೀಟರ್, ವೇಗ ಸೆಕೆಂಡಿಗೆ 30 ಮೀಟರ್, ಅಂದರೆ ಗಂಟೆಗೆ 108 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಕೋನ 45 ಡಿಗ್ರಿ ಬರುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಅಷ್ಟು ವಾಲಿಯೂ ಜಾರದಿರಬೇಕಾದರೆ ಟೈರಿಗೂ ರಸ್ತೆಗೂ ನಡುವಿನ ಘರ್ಷಣಾಂಕ ಕನಿಷ್ಠ 1 ಇರಬೇಕು. ಮಳೆ ಬಿದ್ದು ಅದು ಅರ್ಧಕ್ಕೆ ಇಳಿಯಿತು ಅನ್ನಿ. ವೇಗವನ್ನು ಅರ್ಧ ಮಾಡಬೇಕಿಲ್ಲ. ವರ್ಗಮೂಲದ ನಿಯಮದಂತೆ ಗಂಟೆಗೆ ಸುಮಾರು 76 ಕಿಲೋಮೀಟರಿಗೆ ಇಳಿಸಿದರೆ ಸಾಕು. ಆದರೆ ರಸ್ತೆ ಒದ್ದೆಯಾಗಿದೆ ಎಂಬುದು ತಿರುವಿಗೆ ಮೊದಲೇ ತಿಳಿಯಬೇಕು! ಈ ದ್ವೀಪದಲ್ಲಿ ಕಷ್ಟ ಇರುವುದೇ ಅಲ್ಲಿ. ಡಗ್ಲಾಸಿನಲ್ಲಿ ಬಿಸಿಲು, ರಾಮ್ಸಿಯಲ್ಲಿ ಮಳೆ, ಬೆಟ್ಟದ ಮೇಲೆ ಮಂಜು: ಒಂದೇ ಸುತ್ತಿನಲ್ಲಿ ಮೂರೂ ಎದುರಾಗಬಹುದು. ಶತ್ರುಗಳಿಗೆ ಕಾಣದಿರಲೆಂದು ಸಮುದ್ರದೇವತೆ ಮನಾನನ್ ತನ್ನ ಮೇಲುಹೊದಿಕೆಯನ್ನು ದ್ವೀಪದ ಮೇಲೆ ಹೊದಿಸುತ್ತಾನೆ, ಅದೇ ಈ ಮಂಜು ಎಂದು ಅಲ್ಲಿನವರ ಐತಿಹ್ಯ.

ಬಲಾಫ್ ಸೇತುವೆಯ ಮೇಲೆ ಗಾಡಿಯ ಎರಡೂ ಚಕ್ರ ನೆಲ ಬಿಡುತ್ತವೆ. ಇದೂ ಅದೇ ಲೆಕ್ಕ. ಗೂನಿನ ತ್ರಿಜ್ಯ 40 ಮೀಟರ್ ಎಂದುಕೊಂಡರೆ, ಗಂಟೆಗೆ ಸುಮಾರು 71 ಕಿಲೋಮೀಟರ್ ಮೀರಿದ ಕೂಡಲೇ ಗಾಡಿಯನ್ನು ರಸ್ತೆಗೆ ಒತ್ತಿ ಹಿಡಿಯಲು ಗುರುತ್ವ ಸಾಲದು. ಹಿಂದಿನ ಚಕ್ರ ಮೊದಲು ನೆಲ ಮುಟ್ಟುವಂತೆ ಇಳಿಯುವುದು ಸವಾರನ ಕೈಚಳಕ. ಇನ್ನೊಂದು ಸಣ್ಣ ಸಂಗತಿ: ಬೆಟ್ಟದ ಮೇಲೆ ಗಾಳಿಯ ಸಾಂದ್ರತೆ ಸುಮಾರು ನೂರಕ್ಕೆ ನಾಲ್ಕರಷ್ಟು ಕಡಿಮೆ. ಈಗಿನ ಗಾಡಿಗಳು ಅದನ್ನು ತಾವೇ ಸರಿದೂಗಿಸಿಕೊಳ್ಳುತ್ತವೆ. ಕಾರ್ಬ್ಯುರೇಟರಿನ ಹಳೆಯ ಗಾಡಿಗಳಿಗೆ ಆ ಜಾಣತನವಿಲ್ಲ. ತಗ್ಗಿಗೆ ಸರಿಹೊಂದಿಸಿದರೆ ಎತ್ತರದಲ್ಲಿ ಪೆಟ್ರೋಲ್ ಹೆಚ್ಚಾಗುತ್ತದೆ, ಎತ್ತರಕ್ಕೆ ಸರಿಹೊಂದಿಸಿದರೆ ತಗ್ಗಿನಲ್ಲಿ ಕಡಿಮೆಯಾಗಿ ಎಂಜಿನ್ ಕಾಯುತ್ತದೆ. ಹಳೆಯ ಗಾಡಿಗಳ ಪಂದ್ಯವೂ ಈ ಕೂಟದಲ್ಲಿ ಇರುವುದರಿಂದ ಈ ಪೇಚಾಟ ಇಂದಿಗೂ ಉಂಟು. ನಮ್ಮ ಸೋದರಮಾವನ ಯೆಜ್ಡಿಯ ಕಾರ್ಬ್ಯುರೇಟರನ್ನು ಬಿಚ್ಚಿ ಜೋಡಿಸಿ ಬೈಗುಳ ತಿಂದ ನನಗೆ ಅದು ಚೆನ್ನಾಗಿ ಅರ್ಥವಾಗುತ್ತದೆ. ಯೆಜ್ಡಿ ನಮ್ಮ ಮೈಸೂರಿನ ಕಾರ್ಖಾನೆಯದು; ಅದರ ಮೂಲ ಚೆಕೊಸ್ಲೊವಾಕಿಯದ ಜಾವಾ. ಆ ಜಾವಾ ಗಾಡಿಯ ಮೇಲೆ ಫ್ರಾಂಟಿಶೆಕ್ ಶ್ಟಾಸ್ಟ್ನಿ 1962ರಲ್ಲಿ ಇದೇ ಬೆಟ್ಟದ ದಾರಿಯ ಜೂನಿಯರ್ ಟಿ.ಟಿ.ಯಲ್ಲಿ ಮೂರನೆಯವನಾಗಿದ್ದ.

200ಕ್ಕೂ ಹೆಚ್ಚು ತಿರುವುಗಳನ್ನು ನೆನಪಿಡುವುದು ಹೇಗೆ? ಹಲವು ತಿರುವುಗಳ ಆಚೆ ತುದಿ ಕಾಣುವುದೇ ಇಲ್ಲ. ಗಂಟೆಗೆ 200 ಕಿಲೋಮೀಟರ್ ಎಂದರೆ ಸೆಕೆಂಡಿಗೆ 55 ಮೀಟರ್. ಕಂಡ ಮೇಲೆ ಯೋಚಿಸುತ್ತೇನೆ ಎನ್ನುವವನಿಗೆ ಅಷ್ಟರಲ್ಲಿ ರಸ್ತೆ ಮುಗಿದಿರುತ್ತದೆ. ಅದಕ್ಕೇ ಗೇಟಿನ ಕಂಬ, ಮರ, ಮನೆಯ ಚಿಮಣಿಗಳನ್ನು ಗುರುತಿಟ್ಟುಕೊಂಡು, ಇದು ಕಂಡಾಗ ಬ್ರೇಕು, ಅದು ಕಂಡಾಗ ವಾಲು ಎಂದು ಪಾಠ ಮಾಡಿಕೊಳ್ಳುತ್ತಾರೆ. ಪಂದ್ಯವಿಲ್ಲದ ದಿನ ಇದು ಊರವರ ರಸ್ತೆಯೇ ಆದ್ದರಿಂದ ಕಾರಿನಲ್ಲಿ ಹತ್ತಾರು ಬಾರಿ ಸುತ್ತಿ ನೋಡುತ್ತಾರೆ, ವಿಡಿಯೋ ನೋಡುತ್ತಾರೆ. ಹೊಸಬರನ್ನು ಮೊದಲ ಸುತ್ತಿನಲ್ಲಿ ಅನುಭವಿಗಳು ಮುಂದೆ ನಿಂತು ಹದವಾದ ವೇಗದಲ್ಲಿ ಕರೆದುಕೊಂಡು ಹೋಗುತ್ತಾರೆ. ಹೊಸಬರು ಕಿತ್ತಳೆ ಬಣ್ಣದ ಮೇಲಂಗಿ ತೊಡಬೇಕು, ಹಿಂದಿನವರಿಗೆ ಎಚ್ಚರಿಕೆಯಾಗಿ. ಈ ನೆನಪಿನ ವಿದ್ಯೆಗೆ ಗಂಡು ಹೆಣ್ಣೆಂಬ ಭೇದವಿಲ್ಲ. 1962ರಲ್ಲಿ ಬೆರಿಲ್ ಸ್ವೇನ್ ಒಂಟಿಯಾಗಿ ಟಿ.ಟಿ. ಓಡಿದ ಮೊದಲ ಮಹಿಳೆಯಾದಾಗ ಅಧಿಕಾರಿಗಳು ಆಕೆಯ ಲೈಸೆನ್ಸನ್ನೇ ಹಿಂತೆಗೆದುಕೊಂಡರು. 2005ರ ಮ್ಯಾಂಕ್ಸ್ ಗ್ರ್ಯಾನ್ ಪ್ರಿಯಲ್ಲಿ ಮರಿಯಾ ಕಾಸ್ಟೆಲೊ ಮೂರನೆಯ ಸ್ಥಾನ ಪಡೆದು ವಿಜೇತರ ವೇದಿಕೆ ಹತ್ತಿದರು.

ಈಗ ಆ ವಿದ್ಯಾರ್ಥಿನಿಯ ಪ್ರಶ್ನೆ. ಅದನ್ನು ತೇಲಿಸಿಬಿಡಲು ನನಗೆ ಮನಸ್ಸಿಲ್ಲ. 1911ರಿಂದೀಚೆಗೆ ಈ ಒಂದು ರಸ್ತೆಯಲ್ಲಿ, ಟಿ.ಟಿ. ಮತ್ತು ಹವ್ಯಾಸಿ ಪಂದ್ಯ ಎರಡೂ ಸೇರಿ, ಸತ್ತ ಸ್ಪರ್ಧಿಗಳು 260ಕ್ಕೂ ಹೆಚ್ಚು. 1972ರಲ್ಲಿ ಇಟಲಿಯ ಜಿಲ್ಬರ್ಟೊ ಪಾರ್ಲೊಟ್ಟಿ ಮಳೆ, ಮಂಜಿನ ನಡುವೆ ಬೆಟ್ಟದ ಮೇಲೆ ಸತ್ತಾಗ, ಅವನ ಗೆಳೆಯ, ವಿಶ್ವ ಚಾಂಪಿಯನ್ ಅಗೊಸ್ಟಿನಿ ಇನ್ನು ಇಲ್ಲಿ ಓಡುವುದಿಲ್ಲವೆಂದು ನಿಂತುಬಿಟ್ಟ. 1976ರ ನಂತರ ಟಿ.ಟಿ.ಯನ್ನು ವಿಶ್ವ ಚಾಂಪಿಯನ್‌ಶಿಪ್ಪಿನಿಂದ ಕೈಬಿಟ್ಟರು. ದುಡ್ಡಿಗಾಗಿ ಓಡುವವರು ಹೀಗೆ ಹಿಂದೆ ಸರಿದರೂ ಹವ್ಯಾಸಿಗಳು ಸರಿಯಲಿಲ್ಲ. ಇದು ನನ್ನನ್ನು ಬಹಳ ದಿನ ಕಾಡಿದೆ. ಗಾಡಿಗೆ ಕಟ್ಟಿದ ಕ್ಯಾಮೆರಾದ ದೃಶ್ಯಗಳನ್ನು ಸಂಕಲನದ ಕೋಣೆಯಲ್ಲಿ ಶಬ್ದ ತೆಗೆದು ನೋಡುತ್ತಿದ್ದಾಗ, ಈ ಮನುಷ್ಯನಿಗೆ ಈ ಹೊತ್ತಿನಲ್ಲಿ ಬೇರೆ ಯಾವ ಯೋಚನೆಯೂ ಬರಲು ಸಾಧ್ಯವಿಲ್ಲ ಅನ್ನಿಸಿತು. ಸಾಲ, ಮೇಲಧಿಕಾರಿ, ನಾಳೆ ಯಾವುದೂ ಇಲ್ಲ. ಮುಂದಿನ ಗೇಟಿನ ಕಂಬ ಮಾತ್ರ. ಅದಕ್ಕಾಗಿಯೇ ಹೋಗುತ್ತಾರೆ ಎಂದು ನನ್ನ ಊಹೆ. ಅದು ಪ್ರಾಣದ ಬೆಲೆ ಬಾಳುತ್ತದೆಯೆ? ನನ್ನ ಮಗ ಕೇಳಿದರೆ ಬೇಡವೆಂದೇ ಹೇಳುತ್ತೇನೆ. ಮನೆಯಲ್ಲಿ ಕಾದು ಕುಳಿತವರ ಕಡೆಯಿಂದ ನೋಡಿದರೆ ಸವಾರನ ನಿರ್ಧಾರ ಅವನೊಬ್ಬನದೇ ಆಗಿ ಉಳಿಯುವುದಿಲ್ಲ.

ಅಪಾಯವನ್ನು ತಗ್ಗಿಸುವ ಕೆಲಸವನ್ನೂ ಹೇಳಬೇಕು. ರಸ್ತೆಯುದ್ದಕ್ಕೂ ಬಾವುಟ ಹಿಡಿದು ನಿಲ್ಲುವ ನೂರಾರು ಮಾರ್ಷಲ್‌ಗಳು ಸ್ವಯಂಸೇವಕರು. ಅವರ ಸಂಖ್ಯೆ ಸಾಲದಿದ್ದರೆ ಪಂದ್ಯ ಶುರುವಾಗುವುದಿಲ್ಲ. 1935ರಿಂದ ಮೋಟಾರ್ ಸೈಕಲ್ಲಿನಲ್ಲೇ ಓಡಾಡುವ ಮಾರ್ಷಲ್‌ಗಳೂ ಇದ್ದಾರೆ. ಗಾಯಾಳುಗಳನ್ನು ಒಯ್ಯಲು 1963ರಿಂದ ಹೆಲಿಕಾಪ್ಟರ್ ಇದೆ. ಮಂಜಿನಿಂದಾಗಿ ಅದು ಹಾರಲಾರದು ಎಂದಾದರೆ ಪಂದ್ಯವನ್ನು ತಡೆದು ಕಾಯುತ್ತಾರೆ, ಕೆಲವೊಮ್ಮೆ ದಿನವಿಡೀ. ವರ್ಷವಿಡೀ ದುಡ್ಡು ಕೂಡಿಟ್ಟು, ರಜೆ ಹಾಕಿ ಬಂದ ಹವ್ಯಾಸಿ ಹೀಗೆ ಕಾದು, ಒಂದು ಸುತ್ತೂ ಓಡದೆ ದಿನ ಕಳೆಯುವುದುಂಟು. 2023ರ ಟಿ.ಟಿ.ಯಲ್ಲಿ ಪೀಟರ್ ಹಿಕ್ಮನ್ ಈ ಸುತ್ತನ್ನು 16 ನಿಮಿಷ 36 ಸೆಕೆಂಡಿನಲ್ಲಿ, ಗಂಟೆಗೆ ಸುಮಾರು 219 ಕಿಲೋಮೀಟರ್ ಸರಾಸರಿಯಲ್ಲಿ ಮುಗಿಸಿದ. ಹವ್ಯಾಸಿ ತನ್ನನ್ನು ಅವನ ಜೊತೆ ಹೋಲಿಸಿಕೊಳ್ಳುವುದಿಲ್ಲ. ಕಳೆದ ವರ್ಷದ ತನ್ನದೇ ಕಾಲ ಅವನ ಎದುರಾಳಿ.

ಅಭ್ಯಾಸ ಹೆಚ್ಚಾಗಿ ಸಂಜೆ ನಡೆಯುತ್ತದೆ, ಊರವರು ಕೆಲಸ ಮುಗಿಸಿ ಮನೆ ಸೇರಿದ ಮೇಲೆ. ಕೊನೆಯ ಸವಾರ ಹಾದುಹೋದ ನಂತರ 'ರಸ್ತೆ ತೆರೆದಿದೆ' ಎಂಬ ಫಲಕ ಹೊತ್ತ ಅಧಿಕೃತ ಕಾರೊಂದು ಪೂರ್ತಿ ಸುತ್ತು ಬರುತ್ತದೆ. ಅದು ದಾಟಿದ ಕೂಡಲೇ ಜನ ಗೇಟು ತೆಗೆದು ತಮ್ಮ ಕಾರುಗಳನ್ನು ಅದೇ ರಸ್ತೆಗೆ ಇಳಿಸುತ್ತಾರೆ.