ಸ್ತನ್ಯಪಾನವೂ ತಾಯಿಗೆ ಬೇಕಾದ ನೆರವೂ: ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳನ್ನು ಕುರಿತು

ಮಗುವಿಗೆ ಮೊಲೆಯೂಡುವುದು ತಾಯಿಗೆ ತಾನಾಗಿಯೇ ಬರುವ ವಿದ್ಯೆಯೆಂಬುದು ಲೋಕದ ಸಾಮಾನ್ಯ ಭಾವನೆ. ಹಾಲು ಉತ್ಪತ್ತಿಯಾಗುವುದು ಪ್ರಕೃತಿಯ ಕೆಲಸವೆಂಬುದೇನೋ ನಿಜ. ಆದರೆ ಮಗುವನ್ನು ಹಿಡಿದುಕೊಳ್ಳುವ ಬಗೆ, ಅದರ ಹಸಿವನ್ನು ಗುರುತಿಸುವ ಬಗೆ, ಎದೆ ಕಟ್ಟಿಕೊಂಡಾಗ ಮಾಡತಕ್ಕ ಉಪಾಯ, ಇವೆಲ್ಲವೂ ನೋಡಿ, ಕೇಳಿ, ಕಲಿತು ಬರತಕ್ಕವು. ಅವಿಭಕ್ತ ಕುಟುಂಬದಲ್ಲಿ ಬೆಳೆದ ಹೆಣ್ಣುಮಗಳು ಅಕ್ಕ, ಅತ್ತಿಗೆ, ಚಿಕ್ಕಮ್ಮಂದಿರು ಕೂಸಿಗೆ ಹಾಲೂಡುವುದನ್ನು ಕಂಡೇ ತಾಯಿಯಾಗುತ್ತಿದ್ದಳು. ಚಿಕ್ಕ ಸಂಸಾರಗಳ ಈ ಕಾಲದಲ್ಲಿ ಎಷ್ಟೋ ತಾಯಂದಿರು ಮೊದಲ ಸಲ ಕೈಯಲ್ಲಿ ಎತ್ತಿಕೊಳ್ಳುವ ಎಳೆಗೂಸು ಅವರದೇ ಆಗಿರುತ್ತದೆ. ಆದುದರಿಂದ ಸ್ತನ್ಯಪಾನದ ವಿಚಾರವೆಂದರೆ ತಾಯಿಯೊಬ್ಬಳ ವಿಚಾರವಲ್ಲ. ಅವಳ ಸುತ್ತಲಿನವರು ಕೊಡುವ ನೆರವಿನ ವಿಚಾರವೂ ಹೌದು. ಕೋಲಾರ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಜೀವನವನ್ನು ಕಣ್ಣಮುಂದಿಟ್ಟುಕೊಂಡು ಇದನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

1. ಹಾಲು ಇಳಿಯುವ ಕ್ರಮ

ಮಗು ಮೊಲೆಯನ್ನು ಚೀಪಿದಾಗ ಆ ಪ್ರಚೋದನೆಯು ನರಗಳ ಮೂಲಕ ತಾಯಿಯ ಮೆದುಳನ್ನು ಮುಟ್ಟುತ್ತದೆ. ಆಗ ಪಿಟ್ಯುಟರಿ ಗ್ರಂಥಿಯಿಂದ ಎರಡು ರಸಗಳು ರಕ್ತಕ್ಕೆ ಸೇರುತ್ತವೆ. ಪ್ರೊಲ್ಯಾಕ್ಟಿನ್ ಎಂಬುದು ಹಾಲನ್ನು ಉತ್ಪತ್ತಿಮಾಡಿಸುತ್ತದೆ. ಆಕ್ಸಿಟೋಸಿನ್ ಎಂಬುದು ಆ ಹಾಲನ್ನು ತೊಟ್ಟಿನ ಕಡೆಗೆ ಇಳಿಸುತ್ತದೆ. ಮಗು ಎಷ್ಟು ಹೆಚ್ಚು ಕುಡಿದರೆ ಅಷ್ಟು ಹೆಚ್ಚು ಹಾಲು ಹುಟ್ಟುವುದು; ಕುಡಿಯುವುದು ಕಡಮೆಯಾದಂತೆ ಹುಟ್ಟುವುದೂ ಕಡಮೆಯಾಗುವುದು. ಪ್ರೊಲ್ಯಾಕ್ಟಿನ್ ರಾತ್ರಿಯ ಹೊತ್ತು ಹೆಚ್ಚಾಗಿ ಒಸರುವುದರಿಂದ ರಾತ್ರಿ ಹಾಲೂಡುವುದಕ್ಕೆ ವಿಶೇಷ ಮಹತ್ತ್ವವುಂಟು.

ಎರಡನೆಯ ರಸದ ಸ್ವಭಾವವನ್ನು ಈ ಸೀಮೆಯ ರೈತರಿಗೆ ಹೊಸದಾಗಿ ತಿಳಿಸಬೇಕಾದ್ದಿಲ್ಲ. ಕರುವನ್ನು ಬಿಟ್ಟು ಮೈ ಸವರಿದರೆ ಹಸು ಸೊರೆ ಬಿಡುತ್ತದೆ. ಗದ್ದಲಮಾಡಿ ಬೆದರಿಸಿದರೆ ಹಾಲನ್ನು ಕಟ್ಟಿಕೊಳ್ಳುತ್ತದೆ. ಮನುಷ್ಯರಲ್ಲಿಯೂ ನೋವು, ಭಯ, ಆತಂಕ, ಅವಮಾನಗಳು ಹಾಲು ಇಳಿಯುವುದನ್ನು ತಡೆಯಬಲ್ಲವು. ಬಾಣಂತಿಯ ಎದುರಿನಲ್ಲಿ ಆಡುವ ಒಂದು ಕಟುವಾದ ಮಾತು ಅವಳ ಮನಸ್ಸನ್ನು ಮಾತ್ರವೇ ಅಲ್ಲ, ಮಗುವಿನ ಆಹಾರವನ್ನೂ ಮುಟ್ಟುತ್ತದೆ. ನೆರವೆಂಬುದು ಕೇವಲ ಸೌಜನ್ಯವಲ್ಲ, ಶರೀರಧರ್ಮಕ್ಕೆ ಸಂಬಂಧಪಟ್ಟ ಅಗತ್ಯವೆಂಬುದು ಇದರಿಂದ ಸಿದ್ಧಪಡುತ್ತದೆ.

2. ಮೊದಲ ಗಂಟೆ, ಮೊದಲ ಹಾಲು

ಹುಟ್ಟಿದ ಒಂದು ಗಂಟೆಯೊಳಗೆ ಮಗುವನ್ನು ಎದೆಗೆ ಹಾಕಬೇಕು. ಆರು ತಿಂಗಳು ತುಂಬುವವರೆಗೆ ಎದೆಹಾಲನ್ನಲ್ಲದೆ ನೀರನ್ನೂ ಕೊಡಬಾರದು. ಅನಂತರ ಮೇಲಾಹಾರದೊಡನೆ ಎರಡು ವರ್ಷ ಅಥವಾ ಅದಕ್ಕೂ ಮೀರಿ ಹಾಲೂಡಬಹುದು. ಇದು ವಿಶ್ವ ಆರೋಗ್ಯ ಸಂಸ್ಥೆಯ ಉಪದೇಶ.

ಮೊದಲ ಎರಡು ಮೂರು ದಿನಗಳ ಹಳದಿಬಣ್ಣದ ಗಟ್ಟಿ ಹಾಲು ಪ್ರಮಾಣದಲ್ಲಿ ಕೆಲವೇ ಚಮಚೆಗಳಷ್ಟಿದ್ದರೂ ರೋಗನಿರೋಧಕ ಅಂಶಗಳಿಂದ ತುಂಬಿರುತ್ತದೆ. ತೆಲುಗು ಮಾತಾಡುವ ಮನೆಗಳಲ್ಲಿ ಇದನ್ನು ಮುರ್ರುಪಾಲು ಎನ್ನುತ್ತಾರೆ. ತಮಿಳಿನಲ್ಲಿ ಸೀಂಬಾಲ್ ಎಂಬ ಹೆಸರುಂಟು. ಕರುವಿಗೆ ಗಿಣ್ಣುಹಾಲು ತಪ್ಪಬಾರದೆಂದು ಬಲ್ಲ ಮನೆಗಳಲ್ಲಿಯೇ ತಾಯಿಯ ಮೊದಲ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲಿ, ಕೂಸಿನ ಬಾಯಿಗೆ ಜೇನು, ಸಕ್ಕರೆನೀರು ಅಥವಾ ಹರಳೆಣ್ಣೆಯನ್ನು ಹಾಕುವ ರೂಢಿ ನಡೆದುಬಂದಿದ್ದುದು ವಿಚಿತ್ರವೇ ಸರಿ. ಇದರಿಂದ ಸೋಂಕಿನ ಭಯ ಒಂದಾದರೆ, ಚೀಪುವ ಹಂಬಲ ಕುಂದುವುದು ಇನ್ನೊಂದು.

ಆಸ್ಪತ್ರೆಯ ಹೆರಿಗೆಯಿಂದ ಈ ತೊಡಕು ತಾನಾಗಿ ಪರಿಹಾರವಾಗುವುದೆಂದು ತಿಳಿಯುವಂತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಶೇಕಡಾ 88.6ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ನಡೆದಿದ್ದವು. ಆದರೆ ಒಂದು ಗಂಟೆಯೊಳಗೆ ಮೊಲೆಯುಂಡ ಮಕ್ಕಳು ಶೇಕಡಾ 41.8 ಮಾತ್ರ. ಈ ಎರಡು ಸಂಖ್ಯೆಗಳ ನಡುವಣ ಅಂತರವೇ ನೆರವಿನ ಕೊರತೆಯ ಒಂದು ಅಳತೆ. ಶಸ್ತ್ರಕ್ರಿಯೆಯಿಂದ ಹೆತ್ತ ತಾಯಿ ತಾನಾಗಿ ಎದ್ದು ಮಗುವನ್ನು ತೆಗೆದುಕೊಳ್ಳಲಾರಳು. ಅದನ್ನು ತಂದು ಎದೆಗೆ ಒತ್ತಿ ಹಿಡಿಯುವ ಕೈ ಬೇರೊಬ್ಬರದಾಗಬೇಕು.

3. ‘ಹಾಲು ಸಾಲದು’ ಎಂಬ ಮಾತು

ತಾಯಂದಿರ ಅನುಭವಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವುದು ಈ ಮಾತು. ಕೂಸು ಅತ್ತೊಡನೆ ನೆರೆದವರಲ್ಲೊಬ್ಬರು ಹಾಲು ಸಾಲದೆಂದು ತೀರ್ಪು ಕೊಡುತ್ತಾರೆ. ಸಂಜೆಯೊಳಗೆ ಸೀಸೆ ಮನೆಗೆ ಬರುತ್ತದೆ. ಸೀಸೆಯ ಹಾಲಿನಿಂದ ಹೊಟ್ಟೆ ತುಂಬಿದ ಮಗು ಮೊಲೆಯನ್ನು ಚೀಪುವುದು ಕಡಮೆಯಾಗಿ, ಮೇಲೆ ಹೇಳಿದ ನಿಯಮದಂತೆ ಹಾಲೂ ಕಡಮೆಯಾಗುತ್ತದೆ. ಮೊದಲು ಸುಳ್ಳಾಗಿದ್ದ ಮಾತು ಹೀಗೆ ಕೆಲವೇ ದಿನಗಳಲ್ಲಿ ನಿಜವಾಗಿಬಿಡುತ್ತದೆ.

ಹಾಲು ಸಾಕೇ ಸಾಲದೇ ಎಂಬುದನ್ನು ಅಳುವಿನಿಂದ ನಿರ್ಣಯಿಸಲಾಗದು. ಎಳೆಗೂಸು ಹಗಲಿರುಳು ಸೇರಿ ಎಂಟರಿಂದ ಹನ್ನೆರಡು ಸಲ ಹಾಲು ಕೇಳುವುದು ಸಹಜ. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ಮೂತ್ರಮಾಡುತ್ತಿದ್ದರೆ, ಹುಟ್ಟಿದಾಗಿನ ತೂಕ ಮೊದಲಲ್ಲಿ ಸ್ವಲ್ಪ ಇಳಿದರೂ ಸುಮಾರು ಎರಡು ವಾರಗಳಲ್ಲಿ ಮರಳಿ ಬಂದರೆ, ಹಾಲು ಸಾಕಾಗುತ್ತಿದೆಯೆಂದೇ ಅರ್ಥ. ತೊಟ್ಟು ಬಿರಿದು ನೋಯುವುದಕ್ಕೆ ಬಹುಮಟ್ಟಿಗೆ ಕಾರಣ ಮಗು ತುದಿಯನ್ನು ಮಾತ್ರ ಕಚ್ಚಿರುವುದು. ಬಾಯಿ ಅಗಲವಾಗಿ ತೆರೆದು, ತೊಟ್ಟಿನ ಸುತ್ತಣ ಕಪ್ಪು ಭಾಗವೂ ಒಳಗಾಗಿ, ಗಲ್ಲವು ಎದೆಗೆ ತಾಗಿರಬೇಕು. ತಿಳಿದವರು ಪಕ್ಕದಲ್ಲಿ ಕುಳಿತು ತೋರಿಸಿಕೊಟ್ಟರೆ ಕೆಲವು ನಿಮಿಷಗಳಲ್ಲಿ ಸರಿಪಡಿಸಬಹುದಾದ ದೋಷವಿದು. ಯಾರೂ ತೋರಿಸದಿದ್ದರೆ ಮೊಲೆಬಿಡಿಸುವುದಕ್ಕೆ ಇದೇ ಕಾರಣವಾಗುತ್ತದೆ.

ಇಲ್ಲಿ ಈ ಜಿಲ್ಲೆಗೆ ವಿಶೇಷವಾದ ಸಂಗತಿಯೊಂದನ್ನು ಹೇಳಬೇಕು. ಕೋಲಾರ ಜಿಲ್ಲೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶವು ಹೆಚ್ಚೆಂಬುದು ಬಹುಕಾಲದಿಂದ ತಿಳಿದ ವಿಷಯ. ಕಾಯಿಸುವುದರಿಂದ ಅದು ಹೋಗುವುದಿಲ್ಲ. ಅಂಥ ನೀರನ್ನು ತಾಯಿ ಕುಡಿದರೂ ಅವಳ ಹಾಲಿಗೆ ಇಳಿಯುವ ಫ್ಲೋರೈಡು ತೀರ ಅಲ್ಪ. ಅದೇ ನೀರಿನಲ್ಲಿ ಪುಡಿಹಾಲನ್ನು ಕಲಸಿದರೆ ಎಲ್ಲವೂ ಮಗುವಿನ ಹೊಟ್ಟೆಗೇ ಸೇರುತ್ತದೆ. ಎದೆಹಾಲಿನಲ್ಲಿ ನೂರಕ್ಕೆ ಸುಮಾರು 88 ಭಾಗ ನೀರೇ ಇರುವುದರಿಂದ ಬೇಸಗೆಯಲ್ಲಿಯೂ ಆರು ತಿಂಗಳೊಳಗಿನ ಮಗುವಿಗೆ ಬೇರೆ ನೀರು ಬೇಕಾಗಿಲ್ಲ.

4. ಬಾಣಂತನದ ಗುಣವೂ ಮಿತಿಯೂ

ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಪದ್ಧತಿಯು ನೆರವಿನ ದೃಷ್ಟಿಯಿಂದ ಬಹು ವಿವೇಕವುಳ್ಳದ್ದು. ಮನೆಗೆಲಸವಿಲ್ಲದೆ, ಹೆತ್ತ ತಾಯಿಯ ಆರೈಕೆಯಲ್ಲಿ, ಮಗುವಿನೊಡನೆ ಒಂದೇ ಕೋಣೆಯಲ್ಲಿರುವ ಬಾಣಂತಿಗೆ ಹಾಲೂಡಲು ಅನುಕೂಲ ಹೆಚ್ಚು. ಸಬ್ಬಸಿಗೆ ಸೊಪ್ಪು, ಮೆಂತ್ಯ, ಬೆಳ್ಳುಳ್ಳಿಗಳ ಅಡಿಗೆಯಿಂದ ಕೆಡುಕಿಲ್ಲ. ಆದರೆ ನೀರನ್ನು ಕಟ್ಟುಮಾಡುವುದು, ತರಕಾರಿ ಹಣ್ಣುಗಳನ್ನು ಬಿಡಿಸುವುದು, ಅರೆಹೊಟ್ಟೆ ಇಡುವುದು ತಾಯಿಯ ಶಕ್ತಿಯನ್ನು ಕುಗ್ಗಿಸುತ್ತವೆ. ಒಳ್ಳೆಯದನ್ನು ಉಳಿಸಿಕೊಂಡು ಇದನ್ನು ಬಿಡುವಂತೆ ತಿಳಿಯಹೇಳಬೇಕಾದುದು ಬಾಣಂತಿಗಲ್ಲ, ಮನೆಯ ಹಿರಿಯರಿಗೆ.

ಆಶಾ ಕಾರ್ಯಕರ್ತೆಯರು ಆಸ್ಪತ್ರೆಯಲ್ಲಿ ಹೆತ್ತವರ ಮನೆಗೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಭೇಟಿಕೊಡಬೇಕೆಂಬ ನಿಯಮವು 2011ರಿಂದ ಇದೆ. ಇವುಗಳಲ್ಲಿ ಮೂರನೆಯ ದಿನದ ಭೇಟಿ ಬಹು ಮುಖ್ಯವಾದುದು. ಎದೆ ತುಂಬಿ ಬಿಗಿಯುವುದೂ, ಮಗು ಸರಿಯಾಗಿ ಹಿಡಿಯದೆ ಅಳುವುದೂ, ಮನೆಯವರು ಸೀಸೆಯನ್ನು ನೆನೆಯುವುದೂ ಸಾಮಾನ್ಯವಾಗಿ ಆ ಸುಮಾರಿಗೇ. ಆದರೆ ಮುಳಬಾಗಿಲು, ಶ್ರೀನಿವಾಸಪುರಗಳು ಆಂಧ್ರಪ್ರದೇಶದ ಗಡಿಯಲ್ಲಿಯೂ ಮಾಲೂರು ತಮಿಳುನಾಡಿನ ಗಡಿಯಲ್ಲಿಯೂ ಇವೆ. ತವರು ಒಂದು ರಾಜ್ಯ, ಗಂಡನ ಮನೆ ಇನ್ನೊಂದು ರಾಜ್ಯವಾದಾಗ ಬಾಣಂತಿಯು ಎರಡು ಕಡೆಯ ಪಟ್ಟಿಯಿಂದಲೂ ತಪ್ಪಿಹೋಗುವ ಸಂಭವವುಂಟು. ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ನಡೆಯುವ ಈ ಸೀಮೆಯಲ್ಲಿ ಅವಳ ಮನೆಮಾತಿನಲ್ಲಿ ಹೇಳಿದ ಬುದ್ಧಿವಾದವೇ ಮನಸ್ಸಿಗೆ ನಾಟುವುದು.

5. ಕೂಲಿಯೂ ಕೂಸೂ

ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ, ಕೋಲಾರದ ಟೊಮ್ಯಾಟೊ ಹೊಲಗಳಲ್ಲಿ, ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ, ನರಸಾಪುರ ವೇಮಗಲ್‌ಗಳ ಕಾರ್ಖಾನೆಗಳಲ್ಲಿ ಹೆಂಗಸರು ದುಡಿಯುತ್ತಾರೆ. 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ಆದ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ಸಂಬಳಸಹಿತ ರಜೆಯು 12 ವಾರಗಳಿಂದ 26ಕ್ಕೆ ಏರಿತು. 50 ಮತ್ತು ಹೆಚ್ಚು ನೌಕರರಿರುವ ಕಡೆ ಶಿಶುಗೃಹವಿರಬೇಕೆಂದಾಯಿತು. ಈ ಉಪಬಂಧಗಳನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಸೇರಿಸಲಾಗಿದೆ. ಇಪ್ಪತ್ತಾರು ವಾರವೆಂದರೆ ಆರು ತಿಂಗಳು. ಎದೆಹಾಲೊಂದನ್ನೇ ಕೊಡಬೇಕಾದ ಅವಧಿಗೆ ಇದು ಸರಿಯಾಗಿ ಹೊಂದುತ್ತದೆ. ಆದರೆ ದಿನಗೂಲಿಯ ಹೆಂಗಸಿಗೆ ಈ ರಜೆ ಸಾಮಾನ್ಯವಾಗಿ ದೊರೆಯುವುದಿಲ್ಲ. ಅವಳು ಕೆಲಸಕ್ಕೆ ಹೋಗದ ದಿನ ಒಲೆ ಹೊತ್ತುವುದು ಕಷ್ಟ. ಅಂಥವಳಿಗೆ ಎದೆಹಾಲಿನ ಮಹಿಮೆಯನ್ನು ಉಪದೇಶಿಸಿ ಫಲವಿಲ್ಲ. ಕೆಲಸದ ಜಾಗದಲ್ಲಿ ನೆರಳು, ಕೂಸನ್ನು ನೋಡಿಕೊಳ್ಳುವವರು, ಹಾಲೂಡುವಷ್ಟು ಬಿಡುವು, ಹಿಂಡಿಟ್ಟ ಹಾಲನ್ನು ಶುಚಿಯಾದ ಬಟ್ಟಲಿನಿಂದ ಕುಡಿಸಬಲ್ಲ ಅಜ್ಜಿ, ಇವೇ ಅವಳಿಗೆ ಬೇಕಾದ ನೆರವು.

6. ನೆರವಿನ ಫಲ

ನೆರವಿನಿಂದ ನಿಜವಾಗಿ ಪ್ರಯೋಜನವುಂಟೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಢಾಕಾ ನಗರದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ತರಬೇತಿ ಪಡೆದ ನೆರೆಹೊರೆಯ ಹೆಂಗಸರು ಮನೆಗಳಿಗೆ ಹೋಗಿ ಸಲಹೆಯಿತ್ತರು. ಐದು ತಿಂಗಳ ಹೊತ್ತಿಗೆ ಅಂಥ ತಾಯಂದಿರಲ್ಲಿ ನೂರಕ್ಕೆ 70 ಮಂದಿ ಎದೆಹಾಲೊಂದನ್ನೇ ಕೊಡುತ್ತಿದ್ದರು. ಸಲಹೆ ದೊರೆಯದವರಲ್ಲಿ 6 ಮಂದಿ ಮಾತ್ರ. ಹರಿಯಾಣದ ಹಳ್ಳಿಗಳಲ್ಲಿ ನಡೆದು 2003ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಮೂರು ತಿಂಗಳ ಹೊತ್ತಿಗೆ ಈ ಸಂಖ್ಯೆಗಳು 79 ಮತ್ತು 48 ಆಗಿದ್ದವು. ಎರಡು ಕಡೆಯೂ ಬದಲಾದುದು ತಾಯಂದಿರ ಶರೀರವಲ್ಲ. ಅವರಿಗೆ ದೊರೆತ ಸಹಾಯ.

ವೈದ್ಯಕೀಯ ಕಾರಣಗಳಿಂದ ಹಾಲೂಡಲಾರದ ತಾಯಂದಿರೂ ಇದ್ದಾರೆ. ಅವರನ್ನು ದೂಷಿಸುವುದು ಅನ್ಯಾಯ. ಸುರಕ್ಷಿತವಾದ ಬೇರೆ ದಾರಿಯನ್ನು ವೈದ್ಯರ ಮೂಲಕ ತೋರಿಸುವುದೂ ನೆರವಿನ ಭಾಗವೇ. ಈ ತಾಲ್ಲೂಕುಗಳಿಂದ ಬರುವ ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿ ಮುಂದೆ ಅಧ್ಯಾಪಕರು, ದಾದಿಯರು, ಮೇಲ್ವಿಚಾರಕರು, ತಂದೆತಾಯಿಗಳು ಆಗತಕ್ಕವರು. ಹಾಲು ಸಾಲದೆಂಬ ಮಾತು ಕಿವಿಗೆ ಬಿದ್ದಾಗ ಸೀಸೆಯನ್ನು ತರುವುದಕ್ಕೆ ಮೊದಲು, ಮಗು ಮೊಲೆಯನ್ನು ಹೇಗೆ ಹಿಡಿದಿದೆ, ತಾಯಿ ಉಂಡಿದ್ದಾಳೆಯೆ, ನಿದ್ರೆಮಾಡಿದ್ದಾಳೆಯೆ ಎಂದು ವಿಚಾರಿಸುವಷ್ಟು ತಿಳಿವಳಿಕೆ ಅವರಲ್ಲಿ ಮೂಡಿದರೆ ಈ ಲೇಖನದ ಶ್ರಮ ಸಾರ್ಥಕವೆಂದು ಭಾವಿಸುತ್ತೇವೆ.