ಹೇಳಿಕೊಳ್ಳಲಾಗದ ತೊಂದರೆ

ಹಬ್ಬ, ನಾಟಕ, ಅಡುಗೆಗಳ ನಡುವೆ ಇಂಥ ವಿಷಯವೇ ಎಂದು ಹಿರಿಯರು ಹುಬ್ಬೇರಿಸಬಹುದು. ಆದರೆ ಕೆಮ್ಮಿದರೆ, ನಕ್ಕರೆ ಮೂತ್ರ ಜಿನುಗುವ ತೊಂದರೆ, ಗರ್ಭಕೋಶ ಜಾರಿ ಕೆಳಗೆ ಭಾರವೆನಿಸುವ ತೊಂದರೆ ನಮ್ಮ ಮನೆಗಳಲ್ಲೂ ಇವೆ. "ಹೆತ್ತವಳಿಗೆ ಇದೆಲ್ಲ ಇದ್ದದ್ದೇ" ಎಂಬ ಒಂದು ಮಾತಿನಲ್ಲಿ ಅವು ಮುಚ್ಚಿಹೋಗುತ್ತವೆ.

ಕಿಬ್ಬೊಟ್ಟೆಯ ಬುಡದಲ್ಲಿ, ಮುಂದಿನ ಎಲುಬಿನಿಂದ ಬೆನ್ನೆಲುಬಿನ ತುದಿಯವರೆಗೆ ಜೋಲಿಯಂತೆ ಹರಡಿದ ಸ್ನಾಯುಗಳಿವೆ. ಮೂತ್ರಕೋಶ, ಗರ್ಭಕೋಶ, ಮಲಾಶಯಗಳಿಗೆ ಅವೇ ಆಧಾರ. ಹೆರಿಗೆ, ವಯಸ್ಸು, ಬಹುಕಾಲದ ಕೆಮ್ಮು, ಮಲಬದ್ಧತೆ, ಭಾರ ಎತ್ತುವ ಕೆಲಸ ಇವುಗಳಿಂದ ಜೋಲಿ ಸಡಿಲಗೊಳ್ಳುತ್ತದೆ.

1990ರ ದಶಕದ ಕೊನೆಯಿಂದ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನ ಬಲೆಯನ್ನು ಯೋನಿಯ ಮೂಲಕ ಒಳಗಿಟ್ಟು ಆಧಾರ ಕೊಡುವ ಶಸ್ತ್ರಚಿಕಿತ್ಸೆ ಬ್ರಿಟನ್ನಿನಲ್ಲಿ ಬಳಕೆಗೆ ಬಂತು. ಅನೇಕರಿಗೆ ಗುಣವಾಯಿತು. ಕೆಲವರಿಗೆ ಮಾತ್ರ ಬಲೆ ಒಳಗಿನ ಮಾಂಸವನ್ನು ಕೊರೆಯಿತು. ಕೂತರೆ, ನಡೆದರೆ, ಗಂಡನ ಬಳಿ ಸೇರಿದರೆ ನೋವು. ರಸಾಯನಶಾಸ್ತ್ರದವಳಾದ ನನಗೆ ಈ ವಸ್ತು ಪರಿಚಿತ. ಹಗ್ಗ, ಊಟದ ಡಬ್ಬಿಗಳನ್ನು ಇದರಿಂದಲೇ ಮಾಡುತ್ತಾರೆ. ಸಾಮಾನ್ಯ ಆಮ್ಲ, ಕ್ಷಾರಗಳಿಗೆ ಅದು ಜಗ್ಗದು. ಆದರೆ ಅದರ ಅಣುಸರಪಣಿಯಲ್ಲಿ ಆಮ್ಲಜನಕದ ದಾಳಿಗೆ ಸಿಗುವ ಜಾಗಗಳಿವೆ. ಅದಕ್ಕೇ ತಯಾರಿಸುವಾಗ ರಕ್ಷಕ ಪದಾರ್ಥಗಳನ್ನು ಬೆರೆಸುತ್ತಾರೆ. ಬೀಕರಿನಲ್ಲಿ ತೆಪ್ಪಗಿದ್ದದ್ದು ಜೀವಂತ ದೇಹದಲ್ಲೂ ತೆಪ್ಪಗಿರಬೇಕೆಂದಿಲ್ಲ. ಬಲೆಯ ಕಣ್ಣುಗಳೊಳಗೆ ಮಾಂಸ ಹೆಣೆದುಕೊಂಡ ಮೇಲೆ ಅದನ್ನು ತೆಗೆಯುವುದು ಹಾಕಿದಷ್ಟು ಸುಲಭವಲ್ಲ.

ನೋವಿಗಿಂತ ಹೆಚ್ಚಾಗಿ ಈ ಹೆಂಗಸರನ್ನು ಕುಗ್ಗಿಸಿದ್ದು, ಹೇಳಿದರೂ ಯಾರೂ ನಂಬದಿದ್ದದ್ದು. ಅವರು ಒಟ್ಟುಗೂಡಿ ದನಿಯೆತ್ತಿದ ಮೇಲೆ 2018ರ ಜುಲೈಯಲ್ಲಿ ಇಂಗ್ಲೆಂಡಿನಲ್ಲಿ ಮೂತ್ರ ಜಿನುಗುವಿಕೆಗೆ ಬಲೆ ಹಾಕುವುದಕ್ಕೆ ತಡೆ ಬಿತ್ತು. ಬ್ಯಾರನೆಸ್ ಕಂಬರ್ಲೆಜ್ ನೇತೃತ್ವದ ಸಮಿತಿ ದೇಶ ಸುತ್ತಿ ಇಂಥವರ ಮಾತು ಕೇಳಿತು. 2020ರ ಜುಲೈಯ ಅದರ ವರದಿ, ರೋಗಿಗಳ ದೂರನ್ನು ವ್ಯವಸ್ಥೆ ಕಡೆಗಣಿಸಿತೆಂದು ನೇರವಾಗಿ ಬರೆಯಿತು. ಬಲೆ ತೆಗೆಸಲು ಖಾಸಗಿಯಾಗಿ ಖರ್ಚು ಮಾಡಿದವರಿಗೆ ಹಣ ಮರಳಿಸಲು ಸ್ಕಾಟ್ಲೆಂಡ್ 2022ರಲ್ಲಿ ಕಾನೂನನ್ನೇ ಮಾಡಿತು.

ಹಾಗಾದರೆ ಮೊದಲು ಮಾಡಬೇಕಾದ್ದೇನು? ಲಾಸ್ ಏಂಜಲೀಸಿನ ವೈದ್ಯ ಆರ್ನಲ್ಡ್ ಕೆಗಲ್ 1948ರಲ್ಲಿ ಪ್ರಕಟಿಸಿದ ವ್ಯಾಯಾಮವೇ ಇಂದಿಗೂ ಮೊದಲ ಹೆಜ್ಜೆ. ಮೂತ್ರವನ್ನೂ ವಾಯುವನ್ನೂ ತಡೆಹಿಡಿಯುವಂತೆ ಸ್ನಾಯುಗಳನ್ನು ಒಳಕ್ಕೆಳೆದು ಬಿಡುವುದು. ಒಂದು ಸಲಕ್ಕೆ ಕನಿಷ್ಠ 8 ಬಾರಿ, ದಿನಕ್ಕೆ 3 ಸಲ, ಕನಿಷ್ಠ 3 ತಿಂಗಳು, ತಿಳಿದವರ ಮೇಲ್ವಿಚಾರಣೆಯಲ್ಲಿ ಎಂದು ಇಲ್ಲಿನ ನೈಸ್ ಸಂಸ್ಥೆಯ ಸಲಹೆ. ಕೆಲವರ ಸ್ನಾಯು ಸಡಿಲವಾಗಿರದೆ ಬಿಗಿದುಕೊಂಡಿರುತ್ತದೆ; ಆದ್ದರಿಂದ ಮೊದಲು ಫಿಸಿಯೋಥೆರಪಿಸ್ಟರಿಂದ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಆಪರೇಷನ್ನಿನ ಮಾತು ಬಂದರೆ ಬೇರೆ ದಾರಿಗಳೇನು, ಒಳಗಿಡುವುದೇನು, ಬೇಡವೆನಿಸಿದರೆ ತೆಗೆಯಬಹುದೇ ಎಂದು ಕೇಳಿ, ಬರೆದಿಟ್ಟುಕೊಳ್ಳಿ.

ಮನೆಯ ಹಿರಿಯ ಹೆಂಗಸರಿಗೆ ಇಂಗ್ಲಿಷ್ ಬಾರದಿದ್ದರೆ ಮಗನೋ ಅಳಿಯನೋ ಜೊತೆಗೆ ಹೋಗುತ್ತಾನೆ. ಅವನೆದುರು ಯಾವ ತಾಯಿ ಬಾಯಿಬಿಟ್ಟಾಳು? ಎನ್.ಎಚ್.ಎಸ್.ನಲ್ಲಿ ಕೇಳಿದರೆ ದುಭಾಷಿಯ ಏರ್ಪಾಡು ಮಾಡುತ್ತಾರೆ. ಹೆಂಗಸೇ ಬೇಕೆಂದು ಮುಂಚಿತವಾಗಿ ತಿಳಿಸಿ. ಮುಂದಿನ ಮಹಿಳಾ ಕೂಟದಲ್ಲಿ ಅಂತ್ಯಾಕ್ಷರಿಗೆ ಮುನ್ನ ಅರ್ಧ ಗಂಟೆ ಈ ಮಾತಿಗೂ ಮೀಸಲಿಡಬೇಕೆಂದು ಕಾರ್ಯದರ್ಶಿಗಳಲ್ಲಿ ನನ್ನ ವಿನಂತಿ.