ಗೃಹನೈರ್ಮಲ್ಯದಲ್ಲಿ ಕ್ರಮ ಮತ್ತು ಶ್ರಮ

ನಸುಕಿನಲ್ಲಿ ಎದ್ದು ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗವಲ್ಲಿ ಇಡುವುದು ಕನ್ನಡ ನಾಡಿನ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಪದ್ಧತಿ. ಶುಚಿತ್ವದ ಮಹತ್ತ್ವವನ್ನು ಈ ನಾಡಿನ ಜನಕ್ಕೆ ಹೊಸದಾಗಿ ಬೋಧಿಸಬೇಕಾದ ಅಗತ್ಯವಿಲ್ಲ. ಆದರೆ ಆ ಶುಚಿತ್ವವನ್ನು ಯಾವ ಬೆಲೆ ತೆತ್ತು ಪಡೆಯಲಾಗುತ್ತಿದೆ, ಆ ಬೆಲೆಯನ್ನು ತೆರುತ್ತಿರುವವರು ಯಾರು ಎಂಬ ಪ್ರಶ್ನೆಯನ್ನು ಮನೆಗಳಲ್ಲಿ ಕೇಳಿಕೊಳ್ಳುವುದು ಕಡಿಮೆ.

ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2019ರಲ್ಲಿ ದೇಶದಾದ್ಯಂತ ನಡೆಸಿದ ಕಾಲವಿನಿಯೋಗದ ಸಮೀಕ್ಷೆಯು ಈ ಪ್ರಶ್ನೆಗೆ ಅಂಕಿಗಳಲ್ಲಿ ಉತ್ತರ ಕೊಟ್ಟಿದೆ. ತಮ್ಮ ಕುಟುಂಬಕ್ಕಾಗಿ ವೇತನವಿಲ್ಲದ ಮನೆಗೆಲಸದಲ್ಲಿ ತೊಡಗುವ ಸ್ತ್ರೀಯರು ಅದಕ್ಕಾಗಿ ದಿನವೊಂದಕ್ಕೆ ಸರಾಸರಿ 299 ನಿಮಿಷಗಳನ್ನು ವ್ಯಯಿಸುತ್ತಿದ್ದರು. ಅದೇ ಕೆಲಸದಲ್ಲಿ ತೊಡಗುವ ಪುರುಷರು ವ್ಯಯಿಸುತ್ತಿದ್ದುದು 97 ನಿಮಿಷ. ಅಂಥ ಕೆಲಸಕ್ಕೆ ಕೈಹಚ್ಚುವವರೇ ಸ್ತ್ರೀಯರಲ್ಲಿ ನೂರಕ್ಕೆ 81 ಮಂದಿಯಾದರೆ, ಪುರುಷರಲ್ಲಿ 26 ಮಂದಿ ಮಾತ್ರ. ದಿನಕ್ಕೆ ಐದು ಗಂಟೆ ಎಂದರೆ ಶಾಲೆಯ ಒಂದು ದಿನದ ಪಾಠದ ವೇಳೆಗೆ ಸಮೀಪವಾದ ಅವಧಿ. ಅಡಿಗೆಯನ್ನು ಬದಿಗಿಟ್ಟರೆ ಅದರ ದೊಡ್ಡ ಪಾಲು ಗುಡಿಸು, ಒರೆಸು, ತಿಕ್ಕು, ತೊಳೆ ಎಂಬ ನಾಲ್ಕು ಕ್ರಿಯೆಗಳಲ್ಲಿಯೇ ಕಳೆಯುತ್ತದೆ. ಆದುದರಿಂದ ಮನೆಯನ್ನು ಕಡಿಮೆ ಶ್ರಮದಲ್ಲಿ ಚೊಕ್ಕಟವಾಗಿಡುವ ವಿಧಾನವನ್ನು ಅರಿಯುವುದು ಕ್ಷುಲ್ಲಕ ವಿಷಯವಲ್ಲ. ಹಾಗೆ ಉಳಿಯುವ ಒಂದೊಂದು ಗಳಿಗೆಯೂ ಒಬ್ಬ ತಾಯಿಯ ವಿಶ್ರಾಂತಿಗೆ, ಒಬ್ಬ ಮಗಳ ಓದಿಗೆ ಸಲ್ಲತಕ್ಕದ್ದು.

ನಾಲ್ಕು ಸಾಧನಗಳು

ಜರ್ಮನಿಯ ರಸಾಯನತಜ್ಞ ಹರ್ಬರ್ಟ್ ಸಿನ್ನರ್ ಎಂಬಾತನು 1959ರಲ್ಲಿ ಕೊಳೆ ತೆಗೆಯುವ ಕ್ರಿಯೆಯನ್ನು ನಾಲ್ಕು ಅಂಶಗಳಾಗಿ ವಿಂಗಡಿಸಿ ತೋರಿಸಿದನು. ಅವು ಕಾಲ, ಉಷ್ಣ, ದ್ರವ್ಯ ಮತ್ತು ತಿಕ್ಕುವಿಕೆ. ಇವುಗಳಲ್ಲಿ ಒಂದನ್ನು ಕಡಿಮೆ ಮಾಡಿದರೆ ಉಳಿದವುಗಳಲ್ಲಿ ಯಾವುದಾದರೊಂದನ್ನು ಹೆಚ್ಚಿಸಬೇಕು. ಒಂದನ್ನು ಹೆಚ್ಚಿಸಿದರೆ ಇನ್ನೊಂದನ್ನು ಕಡಿಮೆ ಮಾಡಬಹುದು. ಇಷ್ಟೇ ಅವನ ಸೂತ್ರ. ಬಟ್ಟೆ ಒಗೆಯುವ ಯಂತ್ರದಿಂದ ಹಿಡಿದು ಆಸ್ಪತ್ರೆಯ ನೆಲದವರೆಗೆ ಇದು ಅನ್ವಯಿಸುತ್ತದೆ.

ಮನೆಗಳಲ್ಲಿ ನಡೆಯುವುದನ್ನು ಈ ಸೂತ್ರದಿಂದ ಪರಿಶೀಲಿಸಿದರೆ ದೋಷವು ಕಣ್ಣಿಗೆ ಕಾಣುತ್ತದೆ. ನಾಲ್ಕು ಅಂಶಗಳು ಹಂಚಿಕೊಳ್ಳಬೇಕಾದ ಭಾರವನ್ನು ನಾಲ್ಕನೆಯದೊಂದೇ, ಅಂದರೆ ತೋಳಿನ ಬಲವೊಂದೇ ಹೊರುತ್ತಿರುತ್ತದೆ. ಅನ್ನ ಹತ್ತಿದ ಪಾತ್ರೆಯನ್ನು ಒಣಗಲು ಬಿಟ್ಟು ಬಳಿಕ ತಿಕ್ಕುವವರು ತೋಳನ್ನು ದಂಡಿಸಿಕೊಳ್ಳುತ್ತಾರೆ. ಊಟ ಮುಗಿದೊಡನೆ ಅದರಲ್ಲಿ ಬಿಸಿನೀರು ತುಂಬಿಟ್ಟವರು ಕಾಲ ಮತ್ತು ಉಷ್ಣಗಳಿಂದ ಕೆಲಸ ಮಾಡಿಸಿಕೊಳ್ಳುತ್ತಾರೆ. ಬಚ್ಚಲಿನ ನೆಲಕ್ಕೆ ಸಾಬೂನಿನ ನೀರು ಸುರಿದ ಕ್ಷಣವೇ ಉಜ್ಜಲಾರಂಭಿಸುವುದಕ್ಕಿಂತ ಹತ್ತು ನಿಮಿಷ ನೆನೆಯಬಿಟ್ಟು, ಅಷ್ಟರಲ್ಲಿ ಬೇರೊಂದು ಕೆಲಸ ಮುಗಿಸಿ ಬರುವುದು ಜಾಣತನ. ನೆನೆಸುವುದು ಸೋಮಾರಿತನವಲ್ಲ, ಅದು ಕಾಲವನ್ನು ಆಳಾಗಿ ದುಡಿಸಿಕೊಳ್ಳುವ ವಿದ್ಯೆ.

ಕೋಣೆಯ ಕ್ರಮ

ಯಾವುದೇ ಕೋಣೆಯನ್ನು ಶುಚಿಗೊಳಿಸುವಾಗ ಮೂರು ನಿಯಮಗಳನ್ನು ಪಾಲಿಸಿದರೆ ಒಂದೇ ಕೆಲಸವನ್ನು ಎರಡು ಸಲ ಮಾಡುವುದು ತಪ್ಪುತ್ತದೆ. ಮೇಲಿನಿಂದ ಕೆಳಕ್ಕೆ ಬರಬೇಕು. ಒಣ ಕೆಲಸ ಮುಗಿದ ಮೇಲೆಯೇ ಒದ್ದೆ ಕೆಲಸಕ್ಕೆ ತೊಡಗಬೇಕು. ಒಳಮೂಲೆಯಿಂದ ಬಾಗಿಲಿನ ಕಡೆಗೆ ಸಾಗಬೇಕು. ನೆಲ ಒರೆಸಿದ ಮೇಲೆ ಜೇಡರ ಬಲೆ ಕೊಡಹುವವರು ನೆಲವನ್ನು ಮತ್ತೆ ಒರೆಸಬೇಕಾಗುತ್ತದೆ. ಗುಡಿಸದ ನೆಲದ ಮೇಲೆ ಒದ್ದೆ ಬಟ್ಟೆ ಆಡಿಸಿದರೆ ಧೂಳು ಕೆಸರಾಗಿ ಮೂಲೆ ಸೇರುತ್ತದೆ.

ಬಿರುಸಾಗಿ ಬೀಸಿದ ಕಸಬರಿಗೆಯು ಕಸವನ್ನು ಒಟ್ಟುಮಾಡಿದರೂ ಸೂಕ್ಷ್ಮ ಧೂಳನ್ನು ಗಾಳಿಗೆ ಎಬ್ಬಿಸುತ್ತದೆ. ಅದು ಬಹುಹೊತ್ತು ತೇಲಾಡಿ ಮತ್ತೆ ಪೀಠೋಪಕರಣಗಳ ಮೇಲೆಯೇ ಇಳಿಯುತ್ತದೆ. ಉಬ್ಬಸವುಳ್ಳವರಿಗೆ ಈ ಧೂಳು ಶತ್ರು. ಆದುದರಿಂದ ಕಸಬರಿಗೆಯನ್ನು ನೆಲಕ್ಕೆ ತಾಗಿಸಿ ಮೆಲ್ಲಗೆ ಎಳೆಯಬೇಕು, ಕಿಟಕಿಗಳನ್ನು ತೆರೆದಿಡಬೇಕು, ಮೇಜು ಕಪಾಟುಗಳನ್ನು ಒಣ ಬಟ್ಟೆಯಿಂದ ಕೊಡಹದೆ ತುಸು ತೇವದ ಬಟ್ಟೆಯಿಂದ ಒರೆಸಬೇಕು. ಬೀಸಣಿಗೆಯ ರೆಕ್ಕೆಗಳಿಗೆ ಹಳೆಯ ದಿಂಬಿನ ಗವುಸನ್ನು ತೊಡಿಸಿ ಹಿಂದಕ್ಕೆಳೆದರೆ ಧೂಳೆಲ್ಲ ಗವುಸಿನೊಳಗೇ ಉಳಿಯುತ್ತದೆ. ವಿದ್ಯುತ್ ಗುಂಡಿಯನ್ನು ಮೊದಲೇ ಆರಿಸಿರಬೇಕೆಂದು ಹೇಳಬೇಕಾಗಿಲ್ಲ. ಮನೆಯೊಳಗಣ ಧೂಳಿನ ಗಣನೀಯ ಭಾಗ ಪಾದಗಳೊಡನೆ ಹೊರಗಿನಿಂದ ಬಂದುದು. ಹೊಸ್ತಿಲ ಹೊರಗೊಂದು, ಒಳಗೊಂದು ಕಾಲೊರಸು ಹಾಸಿ, ಪಾದರಕ್ಷೆಗಳನ್ನು ಹೊರಗೇ ಬಿಡುವ ಹಳೆಯ ರೂಢಿಯನ್ನು ಉಳಿಸಿಕೊಂಡ ಮನೆಯು ಅರ್ಧ ಕಾಳಗವನ್ನು ಬಾಗಿಲಲ್ಲಿಯೇ ಗೆದ್ದಂತೆ.

ಅಡಿಗೆಮನೆ

ಒಗ್ಗರಣೆಯ ಎಣ್ಣೆ ಒಲೆಯ ಸುತ್ತ ಸಿಡಿದಾಗ ಅದು ಕೇವಲ ತೆಳುವಾದ ಜಿಡ್ಡು. ಬೆಚ್ಚಗಿರುವಾಗ ಒಂದು ಸಲ ಒರೆಸಿದರೆ ಸಾಕು. ದಿನಗಳು ಕಳೆದಂತೆ ಕಾವು ಮತ್ತು ಗಾಳಿಗಳ ಸಂಪರ್ಕದಿಂದ ಆ ಎಣ್ಣೆಯ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಅಂಟಾದ ಗಟ್ಟಿ ಪದರವಾಗುತ್ತವೆ. ಆಗ ಅದನ್ನು ತೆಗೆಯಲು ಬಿಸಿನೀರು, ಒಗೆಯುವ ಸೋಡ, ತಿಕ್ಕುವ ತೋಳು ಎಲ್ಲವೂ ಬೇಕು. ಅಂದಂದಿನ ಕೊಳೆಯನ್ನು ಅಂದಂದೇ ತೆಗೆಯಬೇಕೆಂಬ ಹಿರಿಯರ ಮಾತಿನ ಹಿಂದೆ ರಸಾಯನಶಾಸ್ತ್ರದ ಈ ಸತ್ಯವಿದೆ.

ಸೋಡ ಜಿಡ್ಡಿಗೆ ಒಳ್ಳೆಯ ಮದ್ದಾದರೂ ಅಲ್ಯುಮಿನಿಯಮ್ ಪಾತ್ರೆಗಳನ್ನು ಅದರಲ್ಲಿ ನೆನೆಯಿಡಲಾಗದು. ಲೋಹವು ಕರಗಿ ಕಪ್ಪಾಗುತ್ತದೆ. ಕಬ್ಬಿಣದ ಹಂಚನ್ನು ನೀರಿನಲ್ಲಿ ಬಿಟ್ಟರೆ ತುಕ್ಕು ಹಿಡಿಯುತ್ತದೆ. ತಾಮ್ರ ಹಿತ್ತಾಳೆಗಳಿಗೆ ಹುಣಿಸೆಹಣ್ಣು ಇಂದಿಗೂ ಸರಿಯಾದ ಸಾಧನ. ಅದರೊಳಗಿನ ಆಮ್ಲವು ಲೋಹದ ಮೇಲಿನ ಕಂದು ಪದರವನ್ನು ಕರಗಿಸುತ್ತದೆ. ಪಾತ್ರೆ ಒರೆಸುವ ಬಟ್ಟೆಯನ್ನೂ ತಿಕ್ಕುವ ನಾರನ್ನೂ ಒದ್ದೆಯಾಗಿಯೇ ಮೂಲೆಗೆಸೆಯುವುದು ರೋಗಾಣುಗಳಿಗೆ ಮನೆ ಕಟ್ಟಿಕೊಟ್ಟಂತೆ. ಅವುಗಳನ್ನು ತೊಳೆದು ಬಿಸಿಲಿಗೆ ಹರವಿದರೆ ವೆಚ್ಚವಿಲ್ಲದೆ ಶುಚಿಯಾಗುತ್ತವೆ.

ನೆಲದ ಜಾತಿಯನ್ನರಿತು ತೊಳೆ

ಕಲಬುರ್ಗಿ ಜಿಲ್ಲೆಯ ಶಹಾಬಾದಿನ ಹೆಸರಿನಿಂದ ಪ್ರಸಿದ್ಧವಾದ ಹಾಸುಗಲ್ಲು ಉತ್ತರ ಕರ್ನಾಟಕದ ಅಸಂಖ್ಯ ಮನೆಗಳ ಪಡಸಾಲೆಯಲ್ಲಿದೆ. ಅದು ಸುಣ್ಣಕಲ್ಲು. ಅಮೃತಶಿಲೆಯೂ ಅದೇ ಕುಲದ್ದು. ಸುಣ್ಣಕಲ್ಲಿಗೂ ಆಮ್ಲಕ್ಕೂ ಆಗಿಬಾರದು. ಅಂಗಡಿಯಲ್ಲಿ ‘ಆಸಿಡ್’ ಎಂದು ದೊರೆಯುವ ದ್ರವವನ್ನು ಹಾಗಿರಲಿ, ನಿಂಬೆಯ ರಸವನ್ನು ಹೊಯ್ದರೂ ಕಲ್ಲಿನ ಮೇಲ್ಮೈ ಗುಳ್ಳೆಯೆದ್ದು ಸವೆಯುತ್ತದೆ, ಹೊಳಪು ಹೋಗುತ್ತದೆ. ಸವೆದ ಮೇಲ್ಮೈಯಲ್ಲಿ ಕೊಳೆ ಇನ್ನೂ ಬೇಗ ಕೂಡುವುದರಿಂದ ಮನೆಯೊಡತಿಯು ಇನ್ನಷ್ಟು ಆಸಿಡ್ ತರಿಸುತ್ತಾಳೆ. ಹೀಗೆ ಔಷಧವೇ ರೋಗವನ್ನು ಬೆಳೆಸುತ್ತದೆ. ಕೆಂಪು ಕಾವಿಯ ಗಾರೆನೆಲಕ್ಕೂ ಇದೇ ಎಚ್ಚರಿಕೆ ಸಲ್ಲುತ್ತದೆ. ಇಂಥ ನೆಲಗಳಿಗೆ ಸ್ವಲ್ಪ ಸಾಬೂನು ಬೆರೆಸಿದ ಬೆಚ್ಚನೆಯ ನೀರೇ ಸಾಕು. ಇಳಕಲ್ಲಿನ ಕೆಂಪು ಗ್ರಾನೈಟಿನಂಥ ಗಟ್ಟಿ ಶಿಲೆಯು ಹುಳಿಗೆ ಸುಲಭವಾಗಿ ಬಗ್ಗದು.

ಒರೆಸುವಾಗ ಎರಡು ಬಕೆಟ್ಟುಗಳಿರಬೇಕು; ಒಂದರಲ್ಲಿ ಸಾಬೂನಿನ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು. ಒಂದೇ ಬಕೆಟ್ಟಿನ ಕಂದು ನೀರಿನಿಂದ ಇಡೀ ಮನೆ ಒರೆಸುವುದೆಂದರೆ ಕೊಳೆಯನ್ನು ತೆಗೆಯುವುದಲ್ಲ, ಸಮನಾಗಿ ಹಂಚುವುದು. ಕೊಳವೆಬಾವಿಯ ಗಡಸು ನೀರಿನಲ್ಲಿರುವ ಸುಣ್ಣದ ಅಂಶವು ಸಾಬೂನನ್ನು ಹಿಡಿದು ನಿಷ್ಪ್ರಯೋಜಕ ಕೆನೆಯಾಗಿಸುತ್ತದೆ. ಅಂಥ ಊರುಗಳಲ್ಲಿ ನೀರಿಗೆ ಮೊದಲು ತುಸು ಒಗೆಯುವ ಸೋಡ ಬೆರೆಸಿದರೆ ಸಾಬೂನಿನ ವೆಚ್ಚ ಇಳಿಯುತ್ತದೆ. ನಲ್ಲಿಗಳ ಮೇಲೆ ಕಟ್ಟಿದ ಬಿಳಿ ಪದರಕ್ಕೆ ಮಾತ್ರ ನಿಂಬೆಯ ಹೋಳು ತಕ್ಕ ಮದ್ದು. ಕಲ್ಲನ್ನು ಕೆಡಿಸುವ ಹುಳಿಯೇ ಅಲ್ಲಿ ಸುಣ್ಣವನ್ನು ಕರಗಿಸಿ ಉಪಕರಿಸುತ್ತದೆ.

ಬೆರೆಸಬಾರದ ದ್ರವ್ಯಗಳು

ಒಂದು ದ್ರವದಿಂದ ಆಗದ ಕೆಲಸ ಎರಡನ್ನು ಬೆರೆಸಿದರೆ ಆದೀತೆಂಬ ಭ್ರಮೆ ಅಪಾಯಕಾರಿಯಾದುದು. ಬ್ಲೀಚಿಂಗ್ ಪುಡಿಗೆ ಅಥವಾ ಬ್ಲೀಚಿಂಗ್ ದ್ರವಕ್ಕೆ ಶೌಚಾಲಯದ ಆಮ್ಲ ಬಿದ್ದರೆ ಕ್ಲೋರಿನ್ ಅನಿಲ ಹೊರಡುತ್ತದೆ. 1915ರ ಏಪ್ರಿಲ್ ತಿಂಗಳಲ್ಲಿ ಬೆಲ್ಜಿಯಮ್ಮಿನ ಈಪ್ರ್ ರಣರಂಗದಲ್ಲಿ ಸೈನಿಕರ ಮೇಲೆ ಬಿಟ್ಟ ವಿಷವಾಯು ಇದೇ. ಕಿಟಕಿಯಿಲ್ಲದ ಕಿರಿದಾದ ಬಚ್ಚಲಿನಲ್ಲಿ ಅದರ ಅಲ್ಪ ಪ್ರಮಾಣವೂ ಶ್ವಾಸಕೋಶವನ್ನು ಸುಡಬಲ್ಲುದು. ಬ್ಲೀಚಿಂಗಿನೊಡನೆ ಅಮೋನಿಯ ಬೆರೆತರೂ ವಿಷಾನಿಲವೇ ಹುಟ್ಟುತ್ತದೆ. ಒಂದು ದಿನ ಒಂದೇ ದ್ರವ್ಯ ಎಂಬ ನಿಯಮವು ಎಲ್ಲ ಮನೆಗಳಿಗೂ ಹಿತಕರ. ಈ ದ್ರವಗಳನ್ನು ಪಾನೀಯದ ಖಾಲಿ ಸೀಸೆಗಳಿಗೆ ತುಂಬಿಡುವ ಅಭ್ಯಾಸವನ್ನು ಕೂಡಲೇ ಬಿಡತಕ್ಕದ್ದು; ಬಾಯಾರಿದ ಮಗುವಿಗೆ ಸೀಸೆ ತಿಳಿದೀತೇ ಹೊರತು ಒಳಗಿನ ವಿಷ ತಿಳಿಯದು.

ರೋಗಾಣುನಾಶಕವು ಕೊಳೆಯ ಮೇಲೆ ಕೆಲಸ ಮಾಡಲಾರದೆಂಬುದನ್ನೂ ನೆನಪಿಡಬೇಕು. ಬ್ಲೀಚಿಂಗಿನ ಶಕ್ತಿಯು ಕೊಳೆಯಲ್ಲಿಯೇ ಕ್ಷಯಿಸಿಬಿಡುತ್ತದೆ. ಮೊದಲು ಸಾಬೂನಿನಿಂದ ತೊಳೆದು, ನೀರಿನಿಂದ ಜಾಲಿಸಿ, ಅಗತ್ಯವಿದ್ದೆಡೆ ಮಾತ್ರ ಅದನ್ನು ಬಳಸಿ, ಕೆಲವು ನಿಮಿಷ ಹಾಗೆಯೇ ಬಿಡಬೇಕು.

ವಾರಕ್ಕೊಮ್ಮೆ ಒಣಗಬೇಕಾದ ನೀರು

ಕಣ್ಣಿಗೆ ಚೊಕ್ಕಟವಾಗಿ ಕಾಣುವ ಮನೆಯೂ ರೋಗದ ತೌರಾಗಬಲ್ಲುದು. ಡೆಂಗೀ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಯು ಚರಂಡಿಯ ಕೊಚ್ಚೆಗಿಂತ ಮನೆಯೊಳಗಣ ತಿಳಿನೀರನ್ನೇ ಮೆಚ್ಚುತ್ತದೆ. ಹೂದಾನಿ, ತೊಟ್ಟಿ, ಶೀತಕಪಾಟಿನ ಹಿಂದಣ ತಟ್ಟೆ, ಮಾಳಿಗೆಯ ಮೇಲಿನ ಒಡಕು ಮಡಕೆ, ಎಲ್ಲವೂ ಅದಕ್ಕೆ ಬೇಕು. ಮೊಟ್ಟೆಯು ಸೊಳ್ಳೆಯಾಗಿ ಹಾರಲು ಸುಮಾರು 7ರಿಂದ 10 ದಿನ ಹಿಡಿಯುತ್ತದೆ. ಆದುದರಿಂದ ವಾರಕ್ಕೊಂದು ದಿನ ಎಲ್ಲ ಪಾತ್ರೆಗಳನ್ನೂ ಬರಿದುಮಾಡಿದರೆ ಸರಪಳಿ ತುಂಡಾಗುತ್ತದೆ. ಆದರೆ ನೀರು ಚೆಲ್ಲಿದರಷ್ಟೇ ಸಾಲದು. ಮೊಟ್ಟೆಗಳು ನೀರಿನ ಅಂಚಿನ ಗೋಡೆಗೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಒಳಗೋಡೆಯನ್ನು ತಿಕ್ಕಿ ತೊಳೆಯಲೇಬೇಕು. ತೋಳಿನ ಬಲಕ್ಕೆ ಬದಲಿಯಿಲ್ಲದ ಕೆಲಸವೆಂದರೆ ಇದು. ಕರ್ನಾಟಕ ಸರಕಾರವು 2024ರಲ್ಲಿ ಡೆಂಗೀಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಎಡೆಗೊಡುವವರಿಗೆ ದಂಡ ವಿಧಿಸುವ ನಿಯಮವನ್ನೂ ತಂದಿತು. ದಂಡದ ಭಯಕ್ಕಿಂತ ಮನೆಯ ಮಗುವಿನ ಕ್ಷೇಮವೇ ಪ್ರೇರಣೆಯಾಗುವುದು ಲೇಸು.

ಕೈಗಳ ಹಂಚಿಕೆ

ಕೆಲಸಗಳನ್ನು ನಿತ್ಯದ್ದು, ವಾರದ್ದು, ತಿಂಗಳಿನದ್ದು, ವರ್ಷದ್ದು ಎಂದು ವಿಂಗಡಿಸಿ ಅಡಿಗೆಮನೆಯ ಬಾಗಿಲಿಗೆ ಒಂದು ಹಾಳೆ ಅಂಟಿಸುವುದು ಒಳಿತು. ಒಲೆಕಟ್ಟೆ, ಪಾತ್ರೆ, ಕಸ ಇವು ನಿತ್ಯದವು. ಬಚ್ಚಲು, ನೀರಿನ ತೊಟ್ಟಿ, ಹಾಸಿಗೆಗೆ ಬಿಸಿಲು ತೋರಿಸುವುದು ವಾರದವು. ಬೀಸಣಿಗೆ, ಕಿಟಕಿ, ಅಟ್ಟ ತಿಂಗಳಿನವು. ಗೋಡೆಗೆ ಸುಣ್ಣ ಬಳಿಯುವುದು ವರ್ಷದ್ದು. ಸುಣ್ಣದ ಪ್ರಬಲ ಕ್ಷಾರಗುಣವು ಅನೇಕ ಸೂಕ್ಷ್ಮಜೀವಿಗಳಿಗೂ ಬೂಷ್ಟಿಗೂ ಸಹಿಸಲಾಗದ್ದು.

ಆದರೆ ಹಾಳೆಯ ಮೇಲೆ ಕೆಲಸದ ಹೆಸರಿನ ಮುಂದೆ ಮಾಡುವವರ ಹೆಸರೂ ಇರಬೇಕು, ಅದು ಎಲ್ಲ ಸಾಲಿನಲ್ಲಿಯೂ ಒಂದೇ ಹೆಸರಾಗಿರಬಾರದು. ಎಂಟು ವರ್ಷದ ಹುಡುಗನು ತಾನುಂಡ ತಟ್ಟೆಯನ್ನು ತೊಳೆದಿಡಬಲ್ಲನು. ಹನ್ನೆರಡರವನು ಕೋಣೆ ಗುಡಿಸಬಲ್ಲನು. ಮನೆಯ ಯಜಮಾನನು ವಾರಕ್ಕೊಮ್ಮೆ ತೊಟ್ಟಿಯೊಳಗೆ ಇಳಿದು ತಿಕ್ಕಬಲ್ಲನು. ತರಗತಿಯ ಕೋಣೆಯನ್ನು ಸರದಿಯ ಮೇಲೆ ಗುಡಿಸಿ ಬೆಳೆದ ಬಾಲಕನು ತನ್ನ ಮನೆಯಲ್ಲಿ ಕಸಬರಿಗೆ ಹಿಡಿಯಲು ನಾಚಿದರೆ, ಶಾಲೆ ಕಲಿಸಿದ ಪಾಠ ಶಾಲೆಯಲ್ಲಿಯೇ ಉಳಿದುಹೋಯಿತೆಂದು ತಿಳಿಯಬೇಕು.

ಕೊಳೆ ದಿನವೂ ಬರುತ್ತದೆ; ಅದನ್ನು ಶಾಶ್ವತವಾಗಿ ಗೆದ್ದ ಮನೆ ಎಲ್ಲಿಯೂ ಇಲ್ಲ. ಕ್ರಮವನ್ನರಿತ ಮನೆಯಲ್ಲಿ ಅದು ಕೆಲವು ಗಳಿಗೆಗಳಲ್ಲಿ ಹೊರಟುಹೋಗುತ್ತದೆ. ಕ್ರಮವಿಲ್ಲದಲ್ಲಿ ಒಂದು ಜೀವದ ದಿನವನ್ನೆಲ್ಲ ತನ್ನೊಡನೆ ಕೊಂಡೊಯ್ಯುತ್ತದೆ. ನೆಲ ಹೊಳೆಯುತ್ತಿದೆಯೇ ಎಂದು ನೋಡುವುದರೊಡನೆ, ಅದನ್ನು ಹೊಳೆಯಿಸಿದವರು ಸಂಜೆಗೆ ನಾಲ್ಕು ಪುಟ ಓದುವಷ್ಟು ಉಸಿರು ಉಳಿಸಿಕೊಂಡಿದ್ದಾರೆಯೇ ಎಂದು ನೋಡುವ ಮನೆಯೇ ನಿಜವಾಗಿ ಶುಚಿಯಾದ ಮನೆ.